ಅನಿಶ್ಚಿತತೆಯ ನಡುವೆ ನಿರ್ಧಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿ ನಾನು ಮಾಡುತ್ತಿರುವ ಸಂಶೋಧನೆಯ ಕುರಿತು ವಿದ್ಯಾರ್ಥಿಗಳು, ಕಾರ್ಖಾನೆಯವರು ಮತ್ತು ಬೇರೆ ವಿಭಾಗಗಳ ಸಹೋದ್ಯೋಗಿಗಳು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಲೆಕ್ಕ ತೋರಿಸದೆ ಅವುಗಳಿಗೆ ಉತ್ತರಿಸಲಾಗುವುದಿಲ್ಲ.

ನೀವು ಸಂಶೋಧಿಸುವುದಾದರೂ ಏನನ್ನು?

ಮುಂದೆ ಏನಾಗುತ್ತದೆಂದು ಖಚಿತವಾಗಿ ತಿಳಿಯದಿದ್ದರೂ ಇಂದೇ ಒಂದು ತೀರ್ಮಾನಕ್ಕೆ ಬರಬೇಕಾದ ಸಂದರ್ಭಗಳನ್ನು. ಎಷ್ಟು ಸರಕು ತರಿಸಬೇಕು, ಯಂತ್ರ ಕೆಡುವ ಮೊದಲೇ ಅದರ ಭಾಗವನ್ನು ಬದಲಿಸಬೇಕೇ, ಅಣೆಕಟ್ಟಿನಿಂದ ಈ ವಾರ ಎಷ್ಟು ನೀರು ಬಿಡಬೇಕು, ಒಂದು ಶಸ್ತ್ರಚಿಕಿತ್ಸಾ ಕೊಠಡಿಗೆ ದಿನಕ್ಕೆ ಎಷ್ಟು ರೋಗಿಗಳನ್ನು ಹಾಕಬೇಕು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಒಳರಚನೆ ಒಂದೇ: ನಿರ್ಧಾರ ಮೊದಲು, ನಿಜಸ್ಥಿತಿ ತಿಳಿಯುವುದು ಆಮೇಲೆ. ಭವಿಷ್ಯ ನುಡಿಯುವ ಕೆಲಸವನ್ನು ನಾವು ಬೇರೆಯವರಿಗೆ ಬಿಟ್ಟಿದ್ದೇವೆ. ನುಡಿದದ್ದು ತಪ್ಪಿದರೆ ಎಷ್ಟು ನಷ್ಟ, ಮೇಲಕ್ಕೆ ತಪ್ಪಿದರೆ ಎಷ್ಟು, ಕೆಳಕ್ಕೆ ತಪ್ಪಿದರೆ ಎಷ್ಟು ಎಂಬುದನ್ನು ನಿರ್ಧಾರದೊಳಗೇ ಸೇರಿಸುವುದು ನಮ್ಮ ಪಾಲಿನ ಕೆಲಸ.

ಇದು ಗಣಿತವೋ, ಅರ್ಥಶಾಸ್ತ್ರವೋ, ಎಂಜಿನಿಯರಿಂಗೋ?

ಮೂರಕ್ಕೂ ಇದರಲ್ಲಿ ಹಕ್ಕಿದೆ. ಲಾಭದ ಮೊತ್ತ ಬೇರೆ, ಅದು ಮನುಷ್ಯನಿಗೆ ಕೊಡುವ ತೃಪ್ತಿಯ ಅಳತೆ ಬೇರೆ ಎಂದು ಡೇನಿಯಲ್ ಬರ್ನೂಲಿ 1738ರಲ್ಲೇ ವಾದಿಸಿದ್ದ. ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಆ ವಿಚಾರಕ್ಕೆ ಗಟ್ಟಿಯಾದ ತಾರ್ಕಿಕ ಬುನಾದಿ ಹಾಕಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಕಾರ್ಯಾಚರಣೆಗಳ ತೊಡಕುಗಳನ್ನು ಬಿಡಿಸಲು ಹೊರಟವರಿಂದ ಆಪರೇಷನ್ಸ್ ರಿಸರ್ಚ್, ಅಂದರೆ ನಿರ್ಧಾರಗಳಿಗೆ ಗಣಿತ ಬಳಸುವ ಶಾಸ್ತ್ರ, ಬೆಳೆಯಿತು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅದನ್ನು ಕಾರ್ಖಾನೆ, ಉಗ್ರಾಣ, ಆಸ್ಪತ್ರೆಗಳಿಗೆ ತಂದಿತು. ಉಳಿದಿಬ್ಬರಿಗಿಂತ ಎಂಜಿನಿಯರು ಭಿನ್ನನಾಗುವುದು ಒಂದೇ ವಿಷಯದಲ್ಲಿ: ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಅವನು ಒಂದು ಸಂಖ್ಯೆಯನ್ನು ಕೊಡಲೇಬೇಕು.

ರಿಸ್ಕ್ ಮತ್ತು ಅನಿಶ್ಚಿತತೆ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಲೆಕ್ಕದಲ್ಲಿ ಬೇರೆ. ಫ್ರಾಂಕ್ ನೈಟ್ 1921ರಲ್ಲಿ ಈ ಗೆರೆಯನ್ನು ಎಳೆದ. ದಾಳ ಎಸೆದಾಗ ಯಾವ ಮುಖ ಬೀಳುವುದೆಂದು ಗೊತ್ತಿಲ್ಲದಿದ್ದರೂ ಪ್ರತಿ ಮುಖದ ಸಂಭವನೀಯತೆ ಆರರಲ್ಲಿ ಒಂದು ಎಂದು ಗೊತ್ತಿದೆ, ಅದು ರಿಸ್ಕ್. ಹಿಂದೆಂದೂ ಮಾರುಕಟ್ಟೆಗೆ ಬಾರದ ಉತ್ಪನ್ನ ಎಷ್ಟು ಮಾರಾಟವಾದೀತು ಎಂಬ ಪ್ರಶ್ನೆಯಲ್ಲಿ ಸಂಭವನೀಯತೆಯೇ ತಿಳಿದಿಲ್ಲ. ಅದು ನಿಜವಾದ ಅನಿಶ್ಚಿತತೆ. ಜನ ಈ ಎರಡನ್ನು ಬೇರೆಯಾಗಿಯೇ ಕಾಣುತ್ತಾರೆಂದು ಡೇನಿಯಲ್ ಎಲ್ಸ್‌ಬರ್ಗ್ 1961ರಲ್ಲಿ ತೋರಿಸಿದ. ಅರ್ಧ ಕೆಂಪು ಅರ್ಧ ಕಪ್ಪು ಚೆಂಡುಗಳಿವೆ ಎಂದು ಗೊತ್ತಿರುವ ಪಾತ್ರೆಯ ಮೇಲೆ ಪಣ ಕಟ್ಟಲು ಒಪ್ಪುವವರು, ಬಣ್ಣಗಳ ಪ್ರಮಾಣ ಗೊತ್ತಿಲ್ಲದ ಪಾತ್ರೆಯ ಮುಂದೆ ಹಿಂಜರಿಯುತ್ತಾರೆ. ಯಾವ ಬಣ್ಣಕ್ಕೆ ಪಣ ಕಟ್ಟಬಹುದೆಂಬ ಆಯ್ಕೆಯನ್ನು ಅವರಿಗೇ ಬಿಟ್ಟರೂ ಅಷ್ಟೇ.

ಸರಾಸರಿಯನ್ನು ಇಟ್ಟುಕೊಂಡು ಯೋಜಿಸಿದರೆ ಸಾಲದೇ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸವೂ ಇದೇ. ಒಂದು ಯಂತ್ರದ ಮುಂದೆ ಕೆಲಸಗಳು ಮನಬಂದ ಹೊತ್ತಿಗೆ ಬರುತ್ತವೆ, ಒಂದೊಂದು ಮುಗಿಯಲು ಹಿಡಿಯುವ ಸಮಯವೂ ಏರುಪೇರಾಗುತ್ತದೆ ಎಂದುಕೊಳ್ಳಿ. ಸರತಿ ಸಾಲಿನ ಅತ್ಯಂತ ಸರಳ ಮಾದರಿಯ ಪ್ರಕಾರ, ಯಂತ್ರ ಶೇ. 80ರಷ್ಟು ಹೊತ್ತು ದುಡಿಯುತ್ತಿದ್ದರೆ ಅದರ ಬಳಿ ಸರಾಸರಿ 4 ಕೆಲಸಗಳಿರುತ್ತವೆ, ಶೇ. 90 ಆದರೆ 9, ಶೇ. 95 ಆದರೆ 19. ಈಗ ವರ್ಷದ ಅರ್ಧ ಭಾಗ ಹೊರೆ ಶೇ. 85ರಷ್ಟು, ಉಳಿದರ್ಧ ಶೇ. 95ರಷ್ಟು ಇದ್ದರೆ ಸರಾಸರಿ ಹೊರೆ ಶೇ. 90. ಯೋಜನೆ ಮಾಡಿದವರು 9 ಕೆಲಸಗಳ ಸಾಲನ್ನು ನಿರೀಕ್ಷಿಸುತ್ತಾರೆ, ಆದರೆ ವರ್ಷದ ಕೊನೆಗೆ ಸರಾಸರಿ ಸಾಲು 12ನ್ನು ದಾಟಿರುತ್ತದೆ. ಹಗುರಾದ ತಿಂಗಳುಗಳಲ್ಲಿ ಉಳಿಸಿದ ಸಮಯ ಭಾರವಾದ ತಿಂಗಳುಗಳಲ್ಲಿ ಕಳೆದದ್ದನ್ನು ತುಂಬಿಕೊಡುವುದಿಲ್ಲ.

ಇದರ ಹಿಂದಿರುವ ಅಸಮಾನತೆಗೆ ಡೆನ್ಮಾರ್ಕಿನ ಯೋಹಾನ್ ಯೆನ್ಸನ್‌ನ ಹೆಸರಿದೆ. ಅವನು ಅದನ್ನು ಪ್ರಕಟಿಸಿದ್ದು 1906ರಲ್ಲಿ. ಬಾಗಿದ ರೇಖೆಯ ಮೇಲೆ ಸರಾಸರಿಯ ಫಲವೂ ಫಲಗಳ ಸರಾಸರಿಯೂ ಒಂದೇ ಆಗಿರುವುದಿಲ್ಲ. ನೇರ ರೇಖೆಯಾಗಿದ್ದರೆ ಸರಾಸರಿ ಸಾಕಾಗುತ್ತಿತ್ತು. ಕಾರ್ಖಾನೆಯಲ್ಲಿ ನೇರ ರೇಖೆಗಳು ಬಹಳ ಕಡಿಮೆ.

ಅಂಕಿಗಳಿಟ್ಟು ಒಂದು ನಿರ್ಧಾರವನ್ನು ತೋರಿಸುವಿರಾ?

ಒಂದು ಹಳೆಯ ಯಂತ್ರದ ಬಿಡಿಭಾಗದ ತಯಾರಿಕೆ ನಿಲ್ಲುತ್ತಿದೆ, ಇದು ಕೊನೆಯ ಆರ್ಡರ್. ಯಂತ್ರದ ಉಳಿದ ಆಯುಷ್ಯದಲ್ಲಿ 10, 20, 30, 40 ಅಥವಾ 50 ಬಿಡಿಭಾಗಗಳು ಬೇಕಾಗಬಹುದು. ಐದಕ್ಕೂ ಸಮಾನ ಸಂಭವ. ಬಳಕೆಯಾಗದೆ ಉಳಿದ ಪ್ರತಿಯೊಂದಕ್ಕೆ 1 ಪಾಲು ನಷ್ಟ, ಕೊರತೆ ಬಿದ್ದ ಪ್ರತಿಯೊಂದಕ್ಕೆ 3 ಪಾಲು ನಷ್ಟ. ಪಾಲು ಎಂಬುದು ಯಾವ ನಾಣ್ಯವಾದರೂ ಆಗಿರಲಿ, ಮುಖ್ಯವಾದದ್ದು ಒಂದಕ್ಕೆ ಮೂರು ಎಂಬ ಪ್ರಮಾಣ.

ಸರಾಸರಿ ಬೇಡಿಕೆ 30. ಅಷ್ಟನ್ನೇ ತರಿಸಿದರೆ, ಬೇಡಿಕೆ 10 ಬಂದಾಗ 20 ಉಳಿಯುತ್ತವೆ, 20 ಬಂದಾಗ 10 ಉಳಿಯುತ್ತವೆ, 40 ಬಂದಾಗ 10 ಸಾಲದೆ ಹೋಗುತ್ತವೆ, 50 ಬಂದಾಗ 20 ಸಾಲದೆ ಹೋಗುತ್ತವೆ. ಐದರಿಂದ ಭಾಗಿಸಿದರೆ ಸರಾಸರಿ ಉಳಿಕೆ 6, ಸರಾಸರಿ ಕೊರತೆ 6. ನಷ್ಟ 6 ಮತ್ತು 18 ಸೇರಿ 24 ಪಾಲು. 40 ತರಿಸಿದರೆ ಸರಾಸರಿ ಉಳಿಕೆ 12ಕ್ಕೆ ಏರುತ್ತದೆ, ಕೊರತೆ 2ಕ್ಕೆ ಇಳಿಯುತ್ತದೆ, ನಷ್ಟ 12 ಮತ್ತು 6 ಸೇರಿ 18 ಪಾಲು. 50 ತರಿಸಿದರೆ ಕೊರತೆಯೇ ಇಲ್ಲ, ಆದರೂ ಉಳಿಕೆಯ ನಷ್ಟ 20 ಪಾಲು. ಆದ್ದರಿಂದ ಸರಿಯಾದ ಉತ್ತರ 40.

ಇಷ್ಟು ಗುಣಾಕಾರ ಮಾಡದೆಯೂ ಇಲ್ಲಿಗೆ ತಲುಪಬಹುದು. ಕೊರತೆಯ ನಷ್ಟವನ್ನು ಎರಡೂ ನಷ್ಟಗಳ ಮೊತ್ತದಿಂದ ಭಾಗಿಸಿದರೆ ಮೂರು ಭಾಗಿಸು ನಾಲ್ಕು, ಅಂದರೆ 0.75. ಬೇಡಿಕೆ ತನ್ನನ್ನು ಮೀರದಿರುವ ಸಂಭವನೀಯತೆ 0.75ನ್ನು ಮುಟ್ಟುವ ಅಥವಾ ದಾಟುವ ಮೊದಲ ಪ್ರಮಾಣವೇ ಆರ್ಡರ್. 30ಕ್ಕೆ ಅದು 0.6, 40ಕ್ಕೆ 0.8. ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲಿ ಬ್ಯಾಂಕು ಎಷ್ಟು ನಗದು ಇಟ್ಟುಕೊಂಡಿರಬೇಕು ಎಂದು ಕೇಳಿಕೊಂಡಾಗ ಎದುರಾದದ್ದು ಇದೇ ರಚನೆ. ಈಗ ಇದಕ್ಕೆ ಪತ್ರಿಕೆ ಮಾರುವವನ ಸಮಸ್ಯೆ ಎಂಬ ಹೆಸರು ನಿಂತಿದೆ, ಏಕೆಂದರೆ ನಾಳೆ ಬೆಲೆಯಿಲ್ಲದ ಸರಕನ್ನು ಇಂದು ಬೆಳಗಿನ ಜಾವವೇ ಎಣಿಸಿ ಕೊಳ್ಳಬೇಕಾದವನು ಅವನು. ಗಮನಿಸಬೇಕಾದದ್ದೇನೆಂದರೆ, 30ರಿಂದ 40ಕ್ಕೆ ಹೋಗಲು ನಾವು ಮುನ್ಸೂಚನೆಯನ್ನು ಒಂದಿಷ್ಟೂ ಉತ್ತಮಪಡಿಸಲಿಲ್ಲ. ತಪ್ಪಿನ ಬೆಲೆಯನ್ನು ಎರಡೂ ಕಡೆಗಳಲ್ಲಿ ಕೇಳಿದೆವು, ಅಷ್ಟೇ.

ಸಂಭವನೀಯತೆಗಳೇ ಗೊತ್ತಿಲ್ಲದಿದ್ದರೆ?

ಆಗ ಹಲವು ಹಾದಿಗಳಿವೆ. ಅಬ್ರಹಾಂ ವಾಲ್ಡ್ ಹೇಳಿದ ಹಾದಿಯಲ್ಲಿ ಪ್ರತಿ ಆಯ್ಕೆಗೂ ಒದಗಬಹುದಾದ ಅತಿ ಕೆಟ್ಟ ಫಲವನ್ನು ನೋಡಿ, ಆ ಕೆಟ್ಟದ್ದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸುತ್ತೇವೆ. ಲಿಯೊನಾರ್ಡ್ ಸ್ಯಾವೇಜ್ 1951ರಲ್ಲಿ ಸೂಚಿಸಿದ ಹಾದಿಯಲ್ಲಿ ಅಳೆಯುವುದು ಪಶ್ಚಾತ್ತಾಪವನ್ನು: ನಿಜಸ್ಥಿತಿ ಮೊದಲೇ ತಿಳಿದಿದ್ದರೆ ಪಡೆಯಬಹುದಾಗಿದ್ದ ಫಲಕ್ಕೂ ಈಗ ಸಿಕ್ಕ ಫಲಕ್ಕೂ ಇರುವ ಅಂತರವನ್ನು. ಮೇಲಿನ ಬಿಡಿಭಾಗದ ಉದಾಹರಣೆಯಲ್ಲಿ 30 ತರಿಸಿದವನ ಅತಿ ಕೆಟ್ಟ ನಷ್ಟ 60 ಪಾಲು, 40 ತರಿಸಿದವನದು 30, 50 ತರಿಸಿದವನದು 40. ಇಲ್ಲಿಯೂ 40 ಗೆಲ್ಲುತ್ತದೆ. ಹೀಗೆ ಎರಡು ಹಾದಿಗಳು ಒಂದೇ ಕಡೆ ಕೂಡುವುದು ಪ್ರತಿ ಸಲವೂ ನಡೆಯುವ ಮಾತಲ್ಲ ಎಂದು ವಿದ್ಯಾರ್ಥಿಗಳಿಗೆ ಎಚ್ಚರಿಸಿಯೇ ಮುಂದೆ ಹೋಗುತ್ತೇನೆ.

ಕೆಟ್ಟದ್ದನ್ನೇ ಎದುರುನೋಡುವ ವಿಧಾನಕ್ಕೆ ಒಂದು ದೋಷವಿದೆ: ಎಲ್ಲವೂ ಒಟ್ಟಿಗೆ ಕೆಡುತ್ತದೆ ಎಂದುಕೊಂಡರೆ ಯೋಜನೆ ವಿಪರೀತ ದುಬಾರಿಯಾಗುತ್ತದೆ. ಸಾಯ್‌ಸ್ಟರ್ 1973ರಲ್ಲಿ ಕೊಟ್ಟ ಮಾದರಿಗೆ ಇದೇ ಆಕ್ಷೇಪ ಬಂತು. ಮುಂದೆ 1990ರ ದಶಕದ ಕೊನೆಯಲ್ಲಿ ಬೆನ್-ಟಾಲ್ ಮತ್ತು ನೆಮಿರೋವ್ಸ್ಕಿ ಅದನ್ನು ಸಡಿಲಿಸಿದರು. ಬರ್ಟ್‌ಸಿಮಾಸ್ ಮತ್ತು ಸಿಮ್ 2004ರಲ್ಲಿ, ಅನಿಶ್ಚಿತವಾದ ಅಂಶಗಳಲ್ಲಿ ಏಕಕಾಲಕ್ಕೆ ಎಷ್ಟು ಕೆಡಬಹುದೆಂಬುದನ್ನು ನಿರ್ಧಾರ ಮಾಡುವವರೇ ಹೇಳುವಂತೆ ಮಾಡಿದರು. ನನ್ನ ಅನುಭವದಲ್ಲಿ ವ್ಯವಸ್ಥಾಪಕರಿಗೆ ಸಂಭವನೀಯತೆಯ ಮಾತಿಗಿಂತ ಈ ಮಾತು ಬೇಗ ಅರ್ಥವಾಗುತ್ತದೆ. ‘ಹತ್ತು ಸರಬರಾಜುದಾರರಲ್ಲಿ ಒಂದೇ ವಾರ ಎಷ್ಟು ಮಂದಿ ಕೈಕೊಡಬಹುದು?’ ಎಂದರೆ ಅವರು ಎರಡು ಕ್ಷಣ ಯೋಚಿಸಿ ‘ಇಬ್ಬರು, ಬಹಳವೆಂದರೆ ಮೂವರು’ ಎನ್ನುತ್ತಾರೆ. ಮಾದರಿಗೆ ಅಷ್ಟು ಸಾಕು.

ಇನ್ನಷ್ಟು ಮಾಹಿತಿ ಬರುವವರೆಗೆ ಕಾಯುವುದು ಜಾಣತನವಲ್ಲವೇ?

ಮಾಹಿತಿಗೂ ಒಂದು ಬೆಲೆಯಿದೆ, ಅದನ್ನು ಮೊದಲೇ ಲೆಕ್ಕ ಹಾಕಬಹುದು. ಬಿಡಿಭಾಗದ ಉದಾಹರಣೆಯಲ್ಲಿ ಬೇಡಿಕೆ ಎಷ್ಟೆಂದು ಯಾರಾದರೂ ತಪ್ಪಿಲ್ಲದೆ ಹೇಳಿದರೆ ನಷ್ಟ ಸೊನ್ನೆಯಾಗುತ್ತದೆ. ಹೇಳದಿದ್ದರೆ ನಮ್ಮ ಅತ್ಯುತ್ತಮ ನಷ್ಟ 18 ಪಾಲು. ಹಾಗಾದರೆ ಪರಿಪೂರ್ಣ ಮಾಹಿತಿಗೂ 18 ಪಾಲಿಗಿಂತ ಹೆಚ್ಚು ಕೊಡಬಾರದು, ಅರೆಬರೆ ಸಮೀಕ್ಷೆಗೆ ಇನ್ನೂ ಕಡಿಮೆ. ಯಾವ ಉತ್ತರ ಬಂದರೂ ನಿರ್ಧಾರ ಬದಲಾಗುವುದಿಲ್ಲ ಎಂದಾದರೆ ಆ ಮಾಹಿತಿಯ ಬೆಲೆ ಸೊನ್ನೆ. ವರದಿಯ ಮೇಲೆ ವರದಿ ತರಿಸಿಕೊಳ್ಳುವ ಸಭೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿ ನಾನು ಅಪ್ರಿಯನಾದದ್ದಿದೆ.

ಕೆಲಸ ಮಾಡುತ್ತಲೇ ಕಲಿಯುವುದೂ ಒಂದು ಹಾದಿ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ತಿಳಿಯದಿದ್ದಾಗ, ಪ್ರತಿಯೊಂದೂ ಮೇಲಾಗಿರುವ ಸಂಭವಕ್ಕೆ ತಕ್ಕಂತೆ ರೋಗಿಗಳನ್ನು ಹಂಚುತ್ತ ಹೋಗಬಹುದೆಂದು ವಿಲಿಯಂ ಥಾಂಪ್ಸನ್ 1933ರಲ್ಲಿ ಬರೆದ. ಕಂಪ್ಯೂಟರುಗಳಿಲ್ಲದ ಕಾಲದಲ್ಲಿ ಅದನ್ನು ಕೇಳಿದವರು ಕಡಿಮೆ. ದಶಕಗಳ ನಂತರ ಆನ್‌ಲೈನ್ ಜಾಹೀರಾತುಗಳನ್ನು ಆರಿಸುವವರು ಅದನ್ನು ಮತ್ತೆ ಕೈಗೆತ್ತಿಕೊಂಡರು.

ಒಂದು ನಿರ್ಧಾರದ ಹಿಂದೆ ಇನ್ನೊಂದು ಬರುತ್ತಿದ್ದರೆ?

ನಿಜವಾದ ಸಮಸ್ಯೆಗಳು ಬಹುತೇಕ ಹಾಗೆಯೇ ಇರುತ್ತವೆ, ಕಷ್ಟವೂ ಅಲ್ಲಿಯೇ ಶುರುವಾಗುತ್ತದೆ. ಜಲವಿದ್ಯುತ್ ಜಲಾಶಯವನ್ನು ನೋಡಿ. ಇಂದು ನೀರು ಬಿಟ್ಟು ವಿದ್ಯುತ್ ಉತ್ಪಾದಿಸಿದರೆ ಇಂಧನ ಉಳಿಯುತ್ತದೆ, ಆದರೆ ಮುಂದೆ ಮಳೆ ಕೈಕೊಟ್ಟರೆ ಕತ್ತಲೆ. ನೀರನ್ನು ಹಿಡಿದಿಟ್ಟುಕೊಂಡರೆ ಭದ್ರತೆ, ಆದರೆ ಮಳೆ ಚೆನ್ನಾಗಿ ಬಂದರೆ ಅದೇ ನೀರು ಕೋಡಿಯ ಮೇಲೆ ಸುಮ್ಮನೆ ಹರಿದುಹೋಗುತ್ತದೆ. ನೀರಿಗೆ ಕೊಳ್ಳುವ ಬೆಲೆ ಇಲ್ಲದಿದ್ದರೂ ನಾಳೆಯ ಬೆಲೆ ಇದೆ, ಅದನ್ನು ಕಂಡುಹಿಡಿಯುವುದೇ ಲೆಕ್ಕದ ತಿರುಳು.

ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಬೆಳೆಸಿದ ಡೈನಾಮಿಕ್ ಪ್ರೋಗ್ರಾಮಿಂಗ್ ಇದನ್ನು ಕೊನೆಯಿಂದ ಹಿಂದಕ್ಕೆ ಬಿಡಿಸುತ್ತದೆ: ಕೊನೆಯ ವಾರದಲ್ಲಿ ಜಲಾಶಯದ ಪ್ರತಿ ಮಟ್ಟಕ್ಕೂ ಒಂದು ಬೆಲೆ, ಅದನ್ನು ಹಿಡಿದು ಅದರ ಹಿಂದಿನ ವಾರಕ್ಕೆ, ಹೀಗೆ ಇಂದಿನವರೆಗೆ. ಒಂದು ಜಲಾಶಯಕ್ಕೆ ನೂರು ಮಟ್ಟಗಳನ್ನು ಗುರುತಿಸಿದರೆ ಕೆಲಸ ಸಲೀಸು. ಹತ್ತು ಜಲಾಶಯಗಳಾದರೆ ಸ್ಥಿತಿಗಳ ಸಂಖ್ಯೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಆಯಾಮಗಳ ಶಾಪ ಎಂದು ಇದಕ್ಕೆ ಹೆಸರಿಟ್ಟವನೂ ಬೆಲ್‌ಮನ್ನೇ. ಬ್ರೆಜಿಲ್‌ನ ಮಾರಿಯೊ ಪೆರೈರಾ ಮತ್ತು ಲಿಯೊಂಟಿನಾ ಪಿಂಟೊ 1991ರಲ್ಲಿ ಪ್ರಕಟಿಸಿದ ವಿಧಾನ ಎಲ್ಲ ಸ್ಥಿತಿಗಳನ್ನೂ ಮುಟ್ಟುವುದಿಲ್ಲ. ಮಳೆಯ ಕೆಲವು ಮಾದರಿ ಹಾದಿಗಳಲ್ಲಿ ನಡೆದು ನೋಡಿ, ನೀರಿನ ಬೆಲೆಯ ರೇಖೆಯನ್ನು ಕೆಳಗಿನಿಂದ ಒಂದೊಂದೇ ಸಮತಲದಿಂದ ಆನಿಸುತ್ತ ಹೋಗುತ್ತದೆ. ಜಲವಿದ್ಯುತ್ತನ್ನು ಹೆಚ್ಚಾಗಿ ನಂಬಿರುವ ದೇಶಗಳು ಇಂದಿಗೂ ಇದನ್ನು ಬಳಸುತ್ತವೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ವಿಷಯಕ್ಕೆ ಮನಸೋಲುವುದು ಈ ಘಟ್ಟದಲ್ಲಿ.

ಮಷೀನ್ ಲರ್ನಿಂಗ್ ಬಂದ ಮೇಲೆ ಇದೆಲ್ಲ ಇನ್ನೂ ಬೇಕೇ?

ಬೇಕು, ಮೊದಲಿಗಿಂತ ಹೆಚ್ಚು. ಅದು ಮುನ್ಸೂಚನೆಯನ್ನು ಹರಿತಗೊಳಿಸುತ್ತದೆ, ಆದರೆ ಯಾವ ಕಡೆಗೆ ತಪ್ಪುವುದು ದುಬಾರಿ ಎಂಬುದನ್ನು ನಾವು ಹೇಳದಿದ್ದರೆ ಎರಡೂ ಕಡೆಯ ತಪ್ಪುಗಳನ್ನು ಸಮಾನವಾಗಿ ತೂಗುತ್ತದೆ. ಇನ್ನೊಂದು ಸೂಕ್ಷ್ಮವಾದ ತೊಡಕು ದತ್ತಾಂಶದಲ್ಲೇ ಇದೆ. ಮಾರಾಟದ ಲೆಕ್ಕದಲ್ಲಿ ಮಾರಾಟವಿರುತ್ತದೆ, ಬೇಡಿಕೆಯಿರುವುದಿಲ್ಲ. ಮಧ್ಯಾಹ್ನಕ್ಕೇ ಸರಕು ಮುಗಿದರೆ ಆಮೇಲೆ ಬಂದು ಬರಿಗೈಯಲ್ಲಿ ಹೋದವರ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಆ ಲೆಕ್ಕವನ್ನು ನಂಬಿದ ತಂತ್ರಾಂಶ ಮರುವಾರ ಇನ್ನೂ ಕಡಿಮೆ ತರಿಸುತ್ತದೆ, ಆಗ ಮಾರಾಟ ಇನ್ನೂ ಇಳಿಯುತ್ತದೆ. ತಾನು ಮಾಡಿದ ಕೊರತೆಯನ್ನೇ ಬೇಡಿಕೆ ಕುಸಿದದ್ದಕ್ಕೆ ಸಾಕ್ಷಿಯಾಗಿ ಹಿಡಿದುಕೊಂಡು ಅದು ಸುರುಳಿ ಸುರುಳಿಯಾಗಿ ಕೆಳಗಿಳಿಯುತ್ತದೆ.

ಮನುಷ್ಯರು ನಿಜವಾಗಿ ಹೀಗೆ ನಿರ್ಧರಿಸುತ್ತಾರೆಯೇ?

ಇಲ್ಲ. ಮೋರಿಸ್ ಅಲೆ 1953ರಲ್ಲೂ, ಡೇನಿಯಲ್ ಕಾನ್ಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲೂ ಅದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ನಮಗೆ ದೊಡ್ಡದು. ಪತ್ರಿಕೆ ಮಾರುವವನ ಸಮಸ್ಯೆಯನ್ನೇ ಪ್ರಯೋಗಕ್ಕೆ ಒಡ್ಡಿದ ಶ್ವೈಟ್ಸರ್ ಮತ್ತು ಕಶೋನ್, ಜನರ ಆರ್ಡರ್‌ಗಳು ಸರಿಯಾದ ಉತ್ತರದಿಂದ ಸರಾಸರಿಯ ಕಡೆಗೆ ಜಾರುತ್ತವೆಂದು 2000ದಲ್ಲಿ ವರದಿ ಮಾಡಿದರು: ಲಾಭ ಹೆಚ್ಚಿರುವ ಸರಕನ್ನು ಬೇಕಾದ್ದಕ್ಕಿಂತ ಕಡಿಮೆ, ಲಾಭ ಕಡಿಮೆ ಇರುವುದನ್ನು ಬೇಕಾದ್ದಕ್ಕಿಂತ ಹೆಚ್ಚು ತರಿಸುತ್ತಾರೆ.

ತರಗತಿಯ ಮೊದಲ ದಿನ ನಾನು ಹತ್ತು ಪ್ರಶ್ನೆಗಳನ್ನು ಕೊಡುತ್ತೇನೆ; ನದಿಗಳ ಉದ್ದ, ಗ್ರಹಗಳ ವ್ಯಾಸ ಇಂಥವು. ಒಂದೇ ಸಂಖ್ಯೆ ಬೇಡ, ಸರಿಯಾದ ಉತ್ತರ ಒಳಗೆ ಬೀಳುತ್ತದೆಂದು ಶೇ. 90ರಷ್ಟು ಭರವಸೆಯಿರುವ ಕೆಳಗಿನ ಮತ್ತು ಮೇಲಿನ ಮಿತಿಗಳನ್ನು ಬರೆಯಿರಿ ಎನ್ನುತ್ತೇನೆ. ಮಿತಿಗಳನ್ನು ಎಷ್ಟು ಬೇಕಾದರೂ ಅಗಲ ಮಾಡಿಕೊಳ್ಳಲು ಅನುಮತಿಯಿದೆ. ಆದರೂ ಹತ್ತರಲ್ಲಿ ಒಂಬತ್ತನ್ನು ಹಿಡಿದವರು ವಿರಳ. ನಾಲ್ಕೈದಕ್ಕೆ ನಿಲ್ಲುವವರೇ ಹೆಚ್ಚು. ಅಗಲವಾದ ಮಿತಿ ಬರೆದರೆ ಅಜ್ಞಾನಿಯಂತೆ ಕಾಣುತ್ತೇವೆಂಬ ನಾಚಿಕೆ ಅವರ ಪೆನ್ನನ್ನು ಹಿಡಿದೆಳೆಯುತ್ತದೆ. ಕಾರ್ಖಾನೆಯ ಮುನ್ಸೂಚನೆಗಳ ಮಿತಿಗಳನ್ನೂ ಇದೇ ನಾಚಿಕೆ ಕಿರಿದಾಗಿಸುತ್ತದೆ ಎಂಬುದು ನನ್ನ ಗುಮಾನಿ.

ಮಾದರಿಯೇ ತಪ್ಪಾಗಿದ್ದರೆ?

ಸ್ವಲ್ಪಮಟ್ಟಿಗೆ ತಪ್ಪಾಗಿಯೇ ಇರುತ್ತದೆ. ಅದಕ್ಕಿಂತ ಕುತೂಹಲಕರವಾದದ್ದು, ಮಾದರಿ ಪಕ್ಷಪಾತವಿಲ್ಲದೆ ಇದ್ದಾಗಲೂ ಒಳನುಸುಳುವ ತಪ್ಪು. ಇಪ್ಪತ್ತು ಯೋಜನೆಗಳು ನಿಜದಲ್ಲಿ ಸರಿಸಮಾನವಾಗಿವೆ, ನಮ್ಮ ಅಂದಾಜುಗಳು ಮಾತ್ರ ಅತ್ತಿತ್ತ ಚದುರಿವೆ ಎಂದುಕೊಳ್ಳಿ. ಅಂದಾಜಿನಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಆರಿಸುತ್ತೇವೆ. ಅದು ಮೇಲಿರುವುದು ಅದರ ಅಂದಾಜು ಅದೃಷ್ಟವಶಾತ್ ಉಬ್ಬಿದ್ದರಿಂದ. ಹಾಗಾಗಿ ಆರಿಸಿದ ಯೋಜನೆ ಮುಂದೆ ನಿರಾಶೆಗೊಳಿಸುವುದು ಬಹುಪಾಲು ಖಚಿತ. ಜೇಮ್ಸ್ ಸ್ಮಿತ್ ಮತ್ತು ರಾಬರ್ಟ್ ವಿಂಕ್ಲರ್ 2006ರಲ್ಲಿ ಇದನ್ನು ವಿವರವಾಗಿ ವಿಶ್ಲೇಷಿಸಿದರು. ಅಂದಾಜುಗಳನ್ನು ಆರಿಸುವ ಮೊದಲೇ ಸರಾಸರಿಯ ಕಡೆಗೆ ತುಸು ಕುಗ್ಗಿಸುವುದು ಇದಕ್ಕಿರುವ ಮದ್ದು. ಯೋಜನೆ ಕೈತಪ್ಪಿದಾಗ ಯಾರೋ ಬೇಕೆಂದೇ ಉಬ್ಬಿಸಿ ಹೇಳಿದ್ದರೆಂದು ದೂರುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸುವುದು ಒಳ್ಳೆಯದು.

ಜೀವಹಾನಿಯ ಪ್ರಶ್ನೆ ಬಂದಾಗಲೂ ಇದೇ ಲೆಕ್ಕವೇ?

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ, ನೆದರ್‌ಲ್ಯಾಂಡ್ಸ್‌ನಲ್ಲಿ ಒಡ್ಡುಗಳು ಒಡೆದು 1,836 ಮಂದಿ ಸತ್ತರು. ಒಡ್ಡುಗಳನ್ನು ಎಷ್ಟು ಎತ್ತರಿಸಬೇಕು ಎಂಬ ಪ್ರಶ್ನೆಗೆ ಗಣಿತಜ್ಞ ಡೇವಿಡ್ ಫಾನ್ ಡಾಂಟ್ಸಿಖ್ 1956ರಲ್ಲಿ ಉತ್ತರ ಪ್ರಕಟಿಸಿದ: ಎತ್ತರಿಸುವ ಖರ್ಚನ್ನೂ, ಎತ್ತರಿಸಿದಂತೆ ಕಡಿಮೆಯಾಗುವ ಪ್ರವಾಹದ ನಿರೀಕ್ಷಿತ ನಷ್ಟವನ್ನೂ ಕೂಡಿಸಿ, ಮೊತ್ತ ಎಲ್ಲಿ ಕನಿಷ್ಠವೋ ಅಲ್ಲಿ ನಿಲ್ಲುವುದು. ಮುಂದೆ ಮಧ್ಯ ಹಾಲೆಂಡಿಗೆ ಅಂಗೀಕರಿಸಿದ ಮಾನದಂಡದಂತೆ ಒಡ್ಡು ತಡೆಯಬೇಕಾಗಿದ್ದ ನೀರಿನ ಮಟ್ಟ ವರ್ಷಕ್ಕೆ 10,000ದಲ್ಲಿ ಒಂದು ಸಂಭವದ್ದಾಗಿತ್ತು. ಜೀವಕ್ಕೆ ಅಂಕಿಯಿಡುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂಕಿಯಿಡದೆ ಒಡ್ಡು ಕಟ್ಟಿದರೂ ಅದು ಯಾವುದೋ ಒಂದು ಎತ್ತರಕ್ಕೆ ನಿಲ್ಲುತ್ತದೆ, ಆ ಎತ್ತರದೊಳಗೆ ಒಂದು ಅಂಕಿ ಅಡಗಿಯೇ ಇರುತ್ತದೆ. ಅದು ಕಣ್ಣಿಗೆ ಕಾಣುವಂತಿದ್ದರೆ ಅದರ ಬಗ್ಗೆ ವಾದಿಸಬಹುದು ಎಂಬ ಕಾರಣಕ್ಕೆ ನಾನು ಲೆಕ್ಕದ ಪರ.

ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂಬ ಮಾತೂ ಜನರನ್ನು ದಾರಿ ತಪ್ಪಿಸುತ್ತದೆ. ವರ್ಷಕ್ಕೆ ಶೇ. 1 ಸಂಭವವಿದ್ದರೆ, ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ಸುಮಾರು ಶೇ. 26.

ಯಾವ ಗಣಿತ ತಿಳಿದಿರಬೇಕು?

ಸಂಭವನೀಯತೆ, ಸಂಖ್ಯಾಶಾಸ್ತ್ರ, ಲೀನಿಯರ್ ಪ್ರೋಗ್ರಾಮಿಂಗ್, ಸ್ವಲ್ಪ ಪ್ರೋಗ್ರಾಮಿಂಗ್. ಉಳಿದದ್ದನ್ನು ದಾರಿಯಲ್ಲಿ ಕಲಿಯಬಹುದು.

ಫಲ ಕೆಟ್ಟದಾಗಿ ಬಂದರೆ ನಿರ್ಧಾರ ತಪ್ಪಾಗಿತ್ತು ಎಂದರ್ಥವೇ?

ಅಲ್ಲ. 40 ಬಿಡಿಭಾಗಗಳನ್ನು ತರಿಸಿದವನಿಗೆ ಬೇಡಿಕೆ 10 ಬಂದು 30 ಉಳಿಯಬಹುದು. ಐದರಲ್ಲಿ ಒಂದು ಸಲ ಹಾಗಾಗುತ್ತದೆಂದು ಮೊದಲೇ ಗೊತ್ತಿತ್ತು. ಅವನನ್ನು ಆಗ ದಂಡಿಸಿದರೆ ಮುಂದಿನ ಸಲ ಅವನು ಸರಾಸರಿಗೆ ಹಿಂದಿರುಗುತ್ತಾನೆ, ಏಕೆಂದರೆ ಸರಾಸರಿಯನ್ನು ಹಿಡಿದವನನ್ನು ಯಾರೂ ಬೈಯುವುದಿಲ್ಲ. ಫಲಕ್ಕೆ ಮೊದಲು ನಿರ್ಧಾರವನ್ನು ಬರೆದಿಟ್ಟುಕೊಂಡಿದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯ: ಯಾವ ಸ್ಥಿತಿಗಳನ್ನು ಊಹಿಸಿದ್ದೆವು, ಪ್ರತಿಯೊಂದಕ್ಕೂ ಎಷ್ಟು ಸಂಭವ ಕೊಟ್ಟಿದ್ದೆವು, ಮೇಲಕ್ಕೂ ಕೆಳಕ್ಕೂ ತಪ್ಪಿದರೆ ನಷ್ಟ ಎಷ್ಟೆಂದುಕೊಂಡಿದ್ದೆವು. ಸಲಹೆ ಕೇಳಿ ಬರುವ ಕಾರ್ಖಾನೆಯವರಿಂದ ನಾನು ಮೊದಲು ಕೇಳುವುದು ಈ ಕಾಗದವನ್ನು. ಹೆಚ್ಚಿನವರ ಬಳಿ ಅದು ಇರುವುದಿಲ್ಲ, ಆದ್ದರಿಂದ ಮೊದಲ ಭೇಟಿಯಲ್ಲಿ ನಾವು ಕೂತು ಬರೆಯುವುದು ಅದನ್ನೇ.